ಕೊನೆಯ ಬೀಡಿ ಎಷ್ಟೊತ್ತಿಗೆ? ಆಳಂದ ಸೀಮೆಯ ರೋಗಿ ಮತ್ತು ಉಸಿರಿನ ಮೂಲಕ ಕೊಡುವ ಅರಿವಳಿಕೆ: ಒಂದು ಟಿಪ್ಪಣಿ

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರು ತುಂಬುವ ತಪಾಸಣೆ ಹಾಳೆಯಲ್ಲಿ ‘ಧೂಮಪಾನ: ಹೌದು / ಇಲ್ಲ’ ಎಂದೊಂದು ಸಾಲು ಇರುವುದು ವಾಡಿಕೆ. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಮಾದನಹಿಪ್ಪರಗಾದಂಥ ಊರಿನಿಂದ ಬರುವ ರೋಗಿಗೆ ಆ ಒಂದು ಸಾಲು ಸಾಲದು, ಅವನನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಎಂಬುದು ಈ ಟಿಪ್ಪಣಿಯ ವಾದ. ಇದು ಹೊಸ ಪ್ರಯೋಗದ ವರದಿಯಲ್ಲ. ಪ್ರಕಟವಾಗಿರುವ ಅಧ್ಯಯನಗಳನ್ನು ಈ ಗಡಿಸೀಮೆಯ ದಿನನಿತ್ಯದ ಬದುಕಿನೊಂದಿಗೆ ಹೊಂದಿಸಿ ಓದುವ ಪ್ರಯತ್ನ.

ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಸುತ್ತಲಿನವರಿಗೆ ಶಿವಲಿಂಗೇಶ್ವರ ಜಾತ್ರೆಯಿಂದ ಪರಿಚಿತ. ದೊಡ್ಡ ಆಪರೇಷನ್ ಎಂದರೆ ಇಲ್ಲಿನವರು ಆಳಂದ ದಾಟಿ ಕಲಬುರಗಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಸೊಲ್ಲಾಪುರಕ್ಕೆ. ಕಲಬುರಗಿಯಲ್ಲಿ 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು, ಅದರ ಬಸವೇಶ್ವರ ಆಸ್ಪತ್ರೆ, ಸರಕಾರಿ ಜಿಮ್ಸ್ ಮತ್ತು ಇಎಸ್‌ಐಸಿ ಆಸ್ಪತ್ರೆಗಳಿವೆ. ಸೊಲ್ಲಾಪುರದಲ್ಲಿ ಸಿವಿಲ್ ಆಸ್ಪತ್ರೆ ಇದೆ. ಎಲ್ಲ ಆಪರೇಷನ್‌ಗೂ ರೋಗಿಯನ್ನು ಪೂರ್ತಿ ಮಲಗಿಸುವುದಿಲ್ಲ. ಹರ್ನಿಯಾ, ಗರ್ಭಕೋಶ, ಹೆರಿಗೆಯ ಆಪರೇಷನ್‌ಗಳಲ್ಲಿ ಹೆಚ್ಚಿನವು ಬೆನ್ನಿಗೆ ಸೂಜಿ ಹಾಕಿ ಮುಗಿಯುತ್ತವೆ. ದುರ್ಬೀನಿನ ಮೂಲಕ ಪಿತ್ತಕೋಶ ತೆಗೆಯುವಾಗ, ಥೈರಾಯ್ಡ್, ಕಿವಿ, ಮೂಗು, ಗಂಟಲಿನ ಚಿಕಿತ್ಸೆಗಳಲ್ಲಿ ಮತ್ತು ಚಿಕ್ಕ ಮಕ್ಕಳ ಬಹುತೇಕ ಆಪರೇಷನ್‌ಗಳಲ್ಲಿ ಉಸಿರಿನೊಂದಿಗೆ ಒಳಹೋಗುವ ಅರಿವಳಿಕೆ ಬೇಕಾಗುತ್ತದೆ. ಜನರ ಬಾಯಲ್ಲಿ ಅದು ‘ಪೂರ್ತಿ ಭೂಲ್ ಕೊಡೋದು’. ಈ ಟಿಪ್ಪಣಿ ಅದಕ್ಕೆ ಸೀಮಿತ.

ನಿಜಾಮರ ಕಾಲದ ಒಂದು ಹಿನ್ನೆಲೆ

ಕಲಬುರಗಿ ಜಿಲ್ಲೆ 1948ರವರೆಗೂ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉಸಿರಿನ ಅರಿವಳಿಕೆಯ ಚರಿತ್ರೆಯಲ್ಲಿ ಜಗತ್ತಿನ ಗಮನ ಸೆಳೆದ ಒಂದು ದೊಡ್ಡ ವಿವಾದ ಇದೇ ಸಂಸ್ಥಾನದಲ್ಲಿ ನಡೆಯಿತು ಎಂಬುದನ್ನು ನಮ್ಮ ಭಾಗದ ಚರಿತ್ರೆ ಬರೆದವರು ಹೆಚ್ಚು ಗಮನಿಸಿದಂತಿಲ್ಲ. ಕ್ಲೋರೋಫಾರ್ಮ್ ಬಳಕೆಗೆ ಬಂದದ್ದು 1847ರಲ್ಲಿ. ಮರುವರ್ಷದಿಂದಲೇ ಅದರಿಂದ ಸಾವುಗಳು ವರದಿಯಾಗತೊಡಗಿದವು. ಅದು ಮೊದಲು ನಿಲ್ಲಿಸುವುದು ಉಸಿರನ್ನೋ ಹೃದಯವನ್ನೋ ಎಂಬ ಜಗಳ ದಶಕಗಟ್ಟಲೆ ಬಗೆಹರಿಯಲಿಲ್ಲ. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ ಎಡಿನ್‌ಬರೊದಲ್ಲಿ ಜೇಮ್ಸ್ ಸೈಮ್ ಅವರ ಶಿಷ್ಯ. ‘ಉಸಿರನ್ನು ನೋಡಿಕೊಂಡರೆ ಸಾಕು, ನಾಡಿ ತಾನೇ ಇರುತ್ತದೆ’ ಎಂಬ ಗುರುವಿನ ಪಾಠವನ್ನು ಅವರು ಕಡೆಯವರೆಗೂ ಬಿಡಲಿಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹಣದಿಂದ 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಕುಳಿತಿತು. ಅದರ ತೀರ್ಮಾನವನ್ನು ಲಂಡನ್ನಿನವರು ನಂಬಲಿಲ್ಲ. 1889ರಲ್ಲಿ ಎರಡನೆಯ ಆಯೋಗ ನೇಮಕವಾದಾಗ ‘ಲ್ಯಾನ್ಸೆಟ್’ ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಹೈದರಾಬಾದಿಗೇ ಬಂದರು. ನಾಯಿ, ಮಂಗಗಳ ಮೇಲೆ ನೂರಾರು ಪ್ರಯೋಗಗಳು ನಡೆದವು. ಸಂಶಯಪಡುತ್ತಲೇ ಬಂದ ಬ್ರಂಟನ್ ಕೂಡ ಲಾರಿಯವರ ಮಾತಿಗೆ ಒಪ್ಪಿಕೊಂಡರು.

ಆದರೆ 1911ರಲ್ಲಿ ಗುಡ್‌ಮನ್ ಲೀವಿ ಎಂಬ ಆಂಗ್ಲ ವೈದ್ಯರು ಬೇರೆಯದನ್ನೇ ತೋರಿಸಿಕೊಟ್ಟರು. ಕ್ಲೋರೋಫಾರ್ಮ್ ಅರೆಬರೆ ಏರಿರುವಾಗ ದೇಹದಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯ ಬಡಿಯುವುದನ್ನು ಬಿಟ್ಟು ಕಂಪಿಸತೊಡಗುತ್ತದೆ, ರೋಗಿ ಅಲ್ಲೇ ಸಾಯುತ್ತಾನೆ. ಹಾಗಾದರೆ ಆಯೋಗ ಹೇಳಿದ್ದು ಅರ್ಧ ಸತ್ಯ. ಆದರೂ ಅರಿವಳಿಕೆ ಕೊಡುವವರು ರೋಗಿಯ ಉಸಿರಿನ ಮೇಲೆ ಕಣ್ಣಿಟ್ಟು ಕೂರಬೇಕೆಂಬ ಶಿಸ್ತು ಬೇರೂರಲು ಆ ವಾಗ್ವಾದ ಕಾರಣವಾಯಿತು.   

ಕ್ಲೋರೋಫಾರ್ಮಿನ ಕಥೆಯನ್ನು ಇಷ್ಟು ಹೇಳಲು ಕಾರಣವಿದೆ. ಲೀವಿ ಕಂಡ ಅಪಾಯಕ್ಕೂ ಬೀಡಿಗೂ ಸಂಬಂಧವುಂಟು. ನಿಕೋಟಿನ್ ಮಾಡುವ ಕೆಲಸವೇ ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಹೊರಗೆಡವುವುದು. ಒಂದು ಬೀಡಿ ಸೇದಿದ ಕೂಡಲೇ ನಾಡಿ ಏರುತ್ತದೆ, ರಕ್ತದ ಒತ್ತಡ ಏರುತ್ತದೆ, ಹೃದಯ ಹೆಚ್ಚು ಆಮ್ಲಜನಕ ಬೇಡುತ್ತದೆ. ಕ್ಲೋರೋಫಾರ್ಮ್ ಹೋಗಿ ಬಹಳ ಕಾಲವಾಯಿತು. ಅದರ ಹಾಗೆಯೇ ಅಡ್ರಿನಲಿನ್‌ಗೆ ಹೃದಯವನ್ನು ಕೆಣಕುವ ಗುಣವಿದ್ದ ಹ್ಯಾಲೋಥೇನ್ 1956ರಲ್ಲಿ ಬಂದು ನಮ್ಮ ಆಸ್ಪತ್ರೆಗಳನ್ನು ದಶಕಗಳ ಕಾಲ ಆಳಿತು. ಈಗಿನ ಐಸೊಫ್ಲೂರೇನ್, ಸೆವೊಫ್ಲೂರೇನ್‌ಗಳಲ್ಲಿ ಆ ಗುಣ ಬಹಳ ಕಡಿಮೆ. ಹೃದಯದ ದೃಷ್ಟಿಯಿಂದ ಇಂದಿನ ಧೂಮಪಾನಿ ತನ್ನ ಅಜ್ಜನಿಗಿಂತ ಸುರಕ್ಷಿತ. ಶ್ವಾಸನಾಳ ಮತ್ತು ರಕ್ತದ ಮಾತು ಬೇರೆ.

ರಕ್ತದಲ್ಲಿ ಕುಳಿತ ಹೊಗೆ

ಬೀಡಿಯ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಳಂದದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಸೀಟು ಇದ್ದೂ ಇಲ್ಲ. ಸಾಲದ್ದಕ್ಕೆ ಉಳಿದ ಸೀಟುಗಳಲ್ಲಿ ಕುಳಿತ ಆಮ್ಲಜನಕವನ್ನೂ ಅದು ಇಳಿಯಗೊಡುವುದಿಲ್ಲ. ಅಂದರೆ ಹಿಮೊಗ್ಲೋಬಿನ್ ತಾನು ಹೊತ್ತ ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಡುವುದು ಕಡಿಮೆಯಾಗುತ್ತದೆ. ಸೇದದವರ ರಕ್ತದಲ್ಲಿ ಮಾನಾಕ್ಸೈಡ್ ಹಿಡಿದ ಹಿಮೊಗ್ಲೋಬಿನ್ ಶೇಕಡಾ 1ರಿಂದ 2ರಷ್ಟು. ಹೆಚ್ಚು ಸೇದುವವರಲ್ಲಿ 5ರಿಂದ 15ರವರೆಗೆ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಕಡಿಮೆ, ಸುಮಾರು ಕಾಲು ಗ್ರಾಂ. ಅದನ್ನು ಸುತ್ತಿದ ತೆಂಡು ಎಲೆ ಕಾಗದದಂತೆ ಗಾಳಿ ಬಿಡುವುದಿಲ್ಲ, ಎಳೆಯುತ್ತಲೇ ಇರದಿದ್ದರೆ ಆರಿಹೋಗುತ್ತದೆ. ಆದ್ದರಿಂದ ದಮ್ಮುಗಳೂ ಹೆಚ್ಚು, ಒಳಹೋಗುವ ಮಾನಾಕ್ಸೈಡೂ ಹೆಚ್ಚು. ‘ಸಿಗರೇಟಲ್ಲ, ಬರೇ ಬೀಡಿ’ ಎನ್ನುವ ಸಮಾಧಾನಕ್ಕೆ ಆಧಾರವಿಲ್ಲ.

ಇಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಗ್ಗೆ ಎರಡು ಮಾತು. ಕೋವಿಡ್ ಕಾಲದಲ್ಲಿ ಇದು ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲಕ್ಕೂ ಬಂತು, ಜನ ಅದರ ಅಂಕಿಯನ್ನು ಓದಲು ಕಲಿತರು. ಯಂತ್ರ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ: 660 ನ್ಯಾನೊಮೀಟರಿನ ಕೆಂಪು, 940 ನ್ಯಾನೊಮೀಟರಿನ ಅವಗೆಂಪು. ಮಾನಾಕ್ಸೈಡ್ ಹಿಡಿದ ರಕ್ತ ಆ ಕೆಂಪು ಬೆಳಕಿಗೆ ಆಮ್ಲಜನಕ ಹಿಡಿದ ರಕ್ತದಂತೆಯೇ ಕಾಣುತ್ತದೆ. ಹೀಗಾಗಿ ಯಂತ್ರ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಶೇಕಡಾ ಹತ್ತರಷ್ಟು ಮಾನಾಕ್ಸೈಡ್ ಇರುವ ರೋಗಿಯ ಬೆರಳಲ್ಲಿ 98 ಕಂಡರೆ, ನಿಜವಾಗಿ ಆಮ್ಲಜನಕ ಹೊತ್ತಿರುವುದು 88ರ ಆಸುಪಾಸು ಇರಬಹುದು. ಆಪರೇಷನ್ ಟೇಬಲ್ಲಿನ ಮೇಲೆ ಉಸಿರು ಅರೆಗಳಿಗೆ ಕಟ್ಟಿದರೆ ಕೈಯಲ್ಲಿರುವ ಉಳಿತಾಯ ಅಷ್ಟು ಕಡಿಮೆ ಎಂದರ್ಥ. ರಕ್ತದ ಅನಿಲ ಪರೀಕ್ಷೆಯ ಯಂತ್ರಗಳಲ್ಲಿ ಹಲವು ಇವೆರಡನ್ನೂ ಬೇರ್ಪಡಿಸಿ ತೋರಿಸುತ್ತವೆ. ಆದರೆ ಸಾಮಾನ್ಯ ಆಪರೇಷನ್‌ಗೆ ಆ ಪರೀಕ್ಷೆ ಯಾರೂ ಮಾಡಿಸುವುದಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ರೋಗಿಯನ್ನು ಒಂದು ಮಾತು ಕೇಳಿದರೆ ಅಂದಾಜು ಸಿಗುತ್ತದೆ: ಕೊನೆಯ ಬೀಡಿ ಎಷ್ಟೊತ್ತಿಗೆ ಸೇದಿದ್ದು?

ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ಬರಿ ಗಾಳಿಯಲ್ಲಿ ಸುಮಾರು ನಾಲ್ಕೈದು ತಾಸು ಬೇಕು. ರಾತ್ರಿ ಎಂಟಕ್ಕೆ ಕೊನೆಯ ಬೀಡಿ ಸೇದಿ, ಬೆಳಿಗ್ಗೆ ಎಂಟು ಒಂಬತ್ತಕ್ಕೆ ಟೇಬಲ್ ಏರಿದವನಲ್ಲಿ ಶೇಕಡಾ ಹತ್ತಿದ್ದದ್ದು ಎರಡರ ಹತ್ತಿರಕ್ಕೆ ಬಂದಿರುತ್ತದೆ. ಹೆಚ್ಚುಕಡಿಮೆ ಸೇದದವರ ಮಟ್ಟ. ಅದೇ ರೋಗಿ ಬೆಳಿಗ್ಗೆ ಏಳಕ್ಕೆ ಹೊರಗೆ ಹೋಗಿ ಬೀಡಿ ಎಳೆದು ಬಂದರೆ ರಾತ್ರಿಯ ಲಾಭದಲ್ಲಿ ಒಂದು ಪಾಲು ಹೋಯಿತು.

ಎಳೆದು ಬರುವುದು ಏಕೆ ಸಾಮಾನ್ಯ ಎಂಬುದನ್ನು ವಾರ್ಡಿನಲ್ಲಿ ಒಂದು ಸಂಜೆ ಕುಳಿತರೆ ತಿಳಿಯುತ್ತದೆ. ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೇಳುವುದು ಇಷ್ಟೇ: “ಕಾಕಾ, ರಾತ್ರಿ ಊಟಾದ ಮ್ಯಾಲ ಏನೂ ತಿನಬ್ಯಾಡ್ರಿ, ಮುಂಜಾನಿ ಚಹಾನೂ ಇಲ್ಲ, ನೀರೂ ಇಲ್ಲ.” ಬೀಡಿಯ ಹೆಸರೇ ಬರುವುದಿಲ್ಲ. ಕಾಕಾ ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಚಹಾ ಇಲ್ಲದ ಮುಂಜಾನೆ, ಆಪರೇಷನ್ನಿನ ಅಂಜಿಕೆ, ಖಾಲಿ ಹೊಟ್ಟೆ. ಇವೆಲ್ಲ ಸೇರಿ ಅವರನ್ನು ಆಸ್ಪತ್ರೆ ಗೇಟಿನಾಚೆಯ ಪಾನ್ ಡಬ್ಬಿಯತ್ತ ನಡೆಸುತ್ತವೆ. ಕೇಳಿದರೆ “ತಿಂದಿಲ್ರಿ, ಕುಡದಿಲ್ರಿ, ಒಂದ ಬೀಡಿ ಅಷ್ಟ ರೀ” ಎಂಬ ಉತ್ತರ. ಅದರಲ್ಲಿ ಸುಳ್ಳಿಲ್ಲ. ಉಪವಾಸದ ಸೂಚನೆಯಲ್ಲೇ ಕೊರತೆ ಇದೆ.

ಮುಖವಾಡ ಹಿಡಿದಾಗ

ಅರಿವಳಿಕೆಯ ಆವಿ ಮೊದಲು ತಾಕುವುದು ಗಂಟಲು ಮತ್ತು ಶ್ವಾಸನಾಳದ ಒಳಪೊರೆಗೆ. ವರ್ಷಗಟ್ಟಲೆ ಹೊಗೆ ಕುಡಿದ ಈ ಪೊರೆಯಲ್ಲಿ ಎರಡು ಬದಲಾವಣೆ ಆಗಿರುತ್ತವೆ. ಕಫ ಹೆಚ್ಚಿರುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಸೋತಿರುತ್ತವೆ. ಜೊತೆಗೆ ನರಗಳು ಸಣ್ಣ ಕಾರಣಕ್ಕೂ ಸಿಡಿದೇಳುವಷ್ಟು ಕೆರಳಿರುತ್ತವೆ. ಇಂಥ ಗಂಟಲಿಗೆ ಕಟುವಾಸನೆಯ ಆವಿ ತಾಕಿದರೆ ರೋಗಿ ಕೆಮ್ಮುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ. ಕೆಲವೊಮ್ಮೆ ಧ್ವನಿಪೆಟ್ಟಿಗೆಯೇ ಕಚ್ಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಅರಿವಳಿಕೆ ಏರುವ ದಾರಿಯೂ ಉಸಿರೇ ಆದ್ದರಿಂದ ಉಸಿರು ನಿಂತರೆ ಔಷಧವೂ ಒಳಹೋಗದು. ರೋಗಿ ಪೂರ್ತಿ ಎಚ್ಚರವೂ ಇಲ್ಲದ, ಪೂರ್ತಿ ನಿದ್ದೆಯೂ ಇಲ್ಲದ ನಡುದಾರಿಯಲ್ಲಿ ಸಿಕ್ಕಿಬೀಳುತ್ತಾನೆ. ಎಲ್ಲಕ್ಕಿಂತ ಕೆಟ್ಟ ಜಾಗ ಅದು.

ಎಲ್ಲ ಆವಿಗಳೂ ಒಂದೇ ಅಲ್ಲ. ಡೆಸ್‌ಫ್ಲೂರೇನ್ ಅತ್ಯಂತ ಕಟು, ಐಸೊಫ್ಲೂರೇನ್ ಅದಕ್ಕಿಂತ ವಾಸಿ, ಸೆವೊಫ್ಲೂರೇನ್‌ಗೆ ಹದವಾದ ಸಿಹಿವಾಸನೆ. ಮುಖವಾಡದಿಂದಲೇ ಮಲಗಿಸಬೇಕಾದಾಗ, ಮುಖ್ಯವಾಗಿ ಮಕ್ಕಳಲ್ಲಿ, ಸೆವೊಫ್ಲೂರೇನ್ ಹಿಡಿಯುವುದು ಇದಕ್ಕೇ. ದೊಡ್ಡವರಿಗೆ ಈಗ ಮೊದಲು ರಕ್ತನಾಳಕ್ಕೆ ಪ್ರೊಪೊಫಾಲ್ ಕೊಟ್ಟು ಮಲಗಿಸಿ, ಬಳಿಕ ಆವಿಗೆ ಹೊರಳುತ್ತಾರೆ. ಪ್ರೊಪೊಫಾಲ್ ಗಂಟಲಿನ ಕೆರಳುವಿಕೆಯನ್ನು ತಣಿಸುವುದರಿಂದ ಶುರುವಿನ ಗಂಡಾಂತರ ತಪ್ಪುತ್ತದೆ. ಆಪತ್ತು ಮುಂದಕ್ಕೆ ಹೋಗಿ ಕೂರುತ್ತದೆ: ಸೂಜಿಯ ಪ್ರಭಾವ ಇಳಿದು ಆವಿ ಇನ್ನೂ ಪೂರ್ತಿ ಏರದ ಕೆಲವು ನಿಮಿಷಗಳಿಗೆ, ಮತ್ತು ಕಡೆಯಲ್ಲಿ ಗಂಟಲಿನ ಕೊಳವೆ ತೆಗೆದು ರೋಗಿ ಎಚ್ಚರಾಗುವ ಹೊತ್ತಿಗೆ. ಧೂಮಪಾನಿಯ ವಿಷಯದಲ್ಲಿ ಅನುಭವಿ ವೈದ್ಯರು ಕೊಳವೆ ತೆಗೆಯುವಾಗ ಅವಸರ ಮಾಡುವುದಿಲ್ಲ, ಕಫ ಎಳೆಯುವ ಯಂತ್ರ ದೂರ ಇಡುವುದಿಲ್ಲ.

ಇದು ಬರಿಯ ಅನುಭವದ ಮಾತಲ್ಲ. ಜರ್ಮನಿಯಲ್ಲಿ 26,961 ಅರಿವಳಿಕೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಸಿರಾಟಕ್ಕೆ ಸಂಬಂಧಿಸಿದ ಅವಘಡಗಳು ಸೇದದವರಲ್ಲಿ ಶೇಕಡಾ 3.1, ಸೇದುವವರಲ್ಲಿ 5.5 ಇದ್ದವು. ಅದರಲ್ಲಿ ನನ್ನ ಗಮನ ಸೆಳೆದದ್ದು ವಯಸ್ಸಿನ ಲೆಕ್ಕ. ಹೊಗೆಯ ಕಾಟ ಮುದುಕರಿಗೆ ಎಂದು ನಾವು ಎಣಿಸುತ್ತೇವೆ. ಆದರೆ 16ರಿಂದ 39 ವಯಸ್ಸಿನ ಧೂಮಪಾನಿಗಳಲ್ಲಿ ಸೇದುವುದರಿಂದ ಏರಿದ ಅಪಾಯ ಇನ್ನೂ ಹೆಚ್ಚಾಗಿತ್ತು. ಅಪೆಂಡಿಕ್ಸ್ ನೋವೆಂದು ರಾತ್ರೋರಾತ್ರಿ ಬರುವ ಇಪ್ಪತ್ತೈದರ ಹುಡುಗನ ಬಗ್ಗೆ ‘ವಯಸ್ಸು ಸಣ್ಣದು, ತಡೀತಾನ’ ಎಂದುಕೊಳ್ಳುವುದಕ್ಕೆ ಈ ಅಂಕಿ ಎದುರು ನಿಲ್ಲುತ್ತದೆ.

ಆಪರೇಷನ್ ನಂತರದ ಎದೆಯ ತೊಂದರೆಗಳ ಲೆಕ್ಕ ಇದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಎಚ್.ಜೆ.ವಿ. ಮಾರ್ಟನ್ ಎಂಬ ಆಂಗ್ಲ ಅರಿವಳಿಕೆ ವೈದ್ಯರು ಧೂಮಪಾನಿಗಳಲ್ಲಿ ಇವು ಸುಮಾರು ಆರು ಪಟ್ಟು ಎಂದು ‘ಲ್ಯಾನ್ಸೆಟ್’ನಲ್ಲಿ ಬರೆದರು. ತಂಬಾಕಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೋಕ ಒಪ್ಪುವ ಮೊದಲೇ ಅರಿವಳಿಕೆಯವರು ಈ ಮಾತು ಹೇಳಿದ್ದರು.

ಒಂದು ವಿಚಿತ್ರವನ್ನೂ ದಾಖಲಿಸಬೇಕು. ಆಪರೇಷನ್ ಮುಗಿದ ಮೇಲೆ ಬರುವ ವಾಕರಿಕೆ, ವಾಂತಿ ಧೂಮಪಾನಿಗಳಲ್ಲಿ ಕಡಿಮೆ. 1999ರಲ್ಲಿ ಜರ್ಮನಿಯ ಆಪ್ಫೆಲ್ ಮತ್ತು ಸಂಗಡಿಗರು ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಅಳತೆಗೋಲಿನಲ್ಲಿ ‘ಸೇದದವರು’ ಎಂಬುದಕ್ಕೇ ಒಂದು ಅಂಕ. ಅಂಕ ಹೆಚ್ಚಿದಷ್ಟೂ ವಾಂತಿಯ ಸಂಭವ ಹೆಚ್ಚು. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸುವುದು ಕಾರಣವಿರಬಹುದು, ನಿಕೋಟಿನ್‌ಗೆ ಒಗ್ಗಿದ ಮೆದುಳಿನ ಗುಣವಿರಬಹುದು. ಬೀಡಿಯ ಪರವಾಗಿ ಹೇಳಬಹುದಾದದ್ದು ಇಷ್ಟೇ. ಒಂದು ವಾಂತಿಯ ಗುಳಿಗೆ ಅದಕ್ಕಿಂತ ಅಗ್ಗ.

‘ಹೌದು / ಇಲ್ಲ’ದ ಹೊರಗೆ ಉಳಿದವರು

ಕೇಂದ್ರ ಸರಕಾರದ 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹೊಗೆ ಸೇದುವವರು ಶೇಕಡಾ 10.7, ಹೊಗೆಯಿಲ್ಲದ ತಂಬಾಕು ಬಳಸುವವರು 21.4. ಅಂದರೆ ಎರಡು ಪಟ್ಟು. ಬೀಡಿ ಸೇದುವವರು 7.7, ಸಿಗರೇಟು 4. ಕರ್ನಾಟಕದಲ್ಲೂ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚು. ‘ಧೂಮಪಾನ ಉಂಟೇ?’ ಎಂದು ಕೇಳಿದಾಗ ಇವರೆಲ್ಲ ‘ಇಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ.

ಗುಟ್ಕಾ ತಿನ್ನುವವನ ರಕ್ತದಲ್ಲಿ ಮಾನಾಕ್ಸೈಡ್ ಇಲ್ಲ, ಸರಿ. ಆದರೆ ಅರಿವಳಿಕೆ ವೈದ್ಯರಿಗೆ ಅವನು ಇನ್ನೂ ದೊಡ್ಡ ತಲೆನೋವಾಗಬಲ್ಲ. ಅಡಕೆ ಮತ್ತು ತಂಬಾಕು ವರ್ಷಗಟ್ಟಲೆ ಕೆನ್ನೆಯ ಒಳಗೆ ಕುಳಿತರೆ ಒಳಪೊರೆ ನಾರುಗಟ್ಟಿ, ಬಿಳುಚಿ, ಬಿಗಿದುಕೊಳ್ಳುತ್ತದೆ. ಬಾಯಿ ತೆರೆಯುವುದು ದಿನದಿನಕ್ಕೆ ಕಡಿಮೆಯಾಗುತ್ತದೆ. ಬಾಯಿ ತೆರೆದಾಗ ರೋಗಿಯದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹೋಗಬೇಕು ಎಂಬುದು ಹಾಸಿಗೆಯ ಪಕ್ಕದಲ್ಲೇ ಮಾಡುವ ಸುಲಭ ಪರೀಕ್ಷೆ. ಒಂದೇ ಬೆರಳು ಹೋಗುವ ಮೂವತ್ತರ ಯುವಕರು ಈ ಸೀಮೆಯ ದಂತ ವೈದ್ಯರಿಗೆ ಹೊಸಬರಲ್ಲ. ಅಂಥವನನ್ನು ಮಲಗಿಸಿದ ಮೇಲೆ ಗಂಟಲಿಗೆ ಕೊಳವೆ ಹಾಕಲು ಬಾಯಿಯೇ ತೆರೆಯದೆ ಹೋಗಬಹುದು, ಆದ್ದರಿಂದ ಎಚ್ಚರವಿರುವಾಗಲೇ ಮೂಗಿನ ಮೂಲಕ ಬೆಳಕಿನ ನಳಿಕೆ ಬಳಸಿ ಕೊಳವೆ ಇಳಿಸಬೇಕಾಗುತ್ತದೆ. ಆ ಸಲಕರಣೆ ತಾಲೂಕು ಮಟ್ಟದಲ್ಲಿ ಸಿಗುವಂಥದ್ದಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಆದರೆ ಪಾನ್ ಮಸಾಲೆಯ ಚೀಟು ಒಂದು, ತಂಬಾಕಿನ ಚೀಟು ಒಂದು ಎಂದು ಬೇರೆ ಬೇರೆ ಮಾರುತ್ತಾರೆ, ಕೊಂಡವನ ಅಂಗೈಯಲ್ಲಿ ಅದು ಮತ್ತೆ ಗುಟ್ಕಾ ಆಗುತ್ತದೆ. ಹಲ್ಲಿಗೆ ತಂಬಾಕಿನ ಮಿಸ್ರಿ ತಿಕ್ಕುವ ಗಡಿಭಾಗದ ಹೆಂಗಸರೂ ‘ಇಲ್ಲ’ ಎಂದೇ ಹೇಳುತ್ತಾರೆ. ಅದನ್ನು ಅವರು ತಂಬಾಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಲ್ಲುಪುಡಿ ಎನ್ನುತ್ತಾರೆ.

ಹೊಗೆಯ ವಿಷಯಕ್ಕೇ ಬಂದರೆ ಹೆಣ್ಣುಮಕ್ಕಳ ಪಾಲು ಒಲೆಯಿಂದ ಬರುತ್ತದೆ. ಕಲಬುರಗಿ ತೊಗರಿಯ ಜಿಲ್ಲೆ; ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ರಾಶಿ ಮುಗಿದ ಮೇಲೆ ಉಳಿದ ತೊಗರಿ ಕಟ್ಟಿಗೆ ವರ್ಷಪೂರ್ತಿ ಉರುವಲು. ಉಜ್ವಲ ಯೋಜನೆ 2016ರಲ್ಲಿ ಬಂತು, ಸಿಲಿಂಡರು ಮನೆ ಸೇರಿತು. ರೊಟ್ಟಿ ಬಡಿಯುವುದಕ್ಕೆ, ನೀರು ಕಾಯಿಸುವುದಕ್ಕೆ ಒಲೆ ಇನ್ನೂ ಉರಿಯುವ ಮನೆಗಳಿವೆ. ಕಟ್ಟಿಗೆಯ ಹೊಗೆಯಲ್ಲೂ ಮಾನಾಕ್ಸೈಡ್ ಉಂಟು. ಗಾಳಿ ಆಡದ ಅಡುಗೆಮನೆಯಲ್ಲಿ ದಶಕಗಟ್ಟಲೆ ಕುಳಿತವರಿಗೆ ಕಫ ಕೆಮ್ಮು, ಶ್ವಾಸನಾಳದ ಸಂಕೋಚ ಬರುವುದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್‌ಗೆ ಬಂದ ಐವತ್ತರ ಅಮ್ಮನ ಹಾಳೆಯಲ್ಲಿ ‘ಧೂಮಪಾನ: ಇಲ್ಲ’ ಎಂದಿರುತ್ತದೆ. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಾಗ ಬೇರೆಯೇ ಕೇಳಬಹುದು.

ಮಕ್ಕಳ ವಿಷಯದಲ್ಲಿ ಸಾಕ್ಷ್ಯ ಇನ್ನೂ ನೇರವಾಗಿದೆ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದ ಮಕ್ಕಳಿಗೆ ಅರಿವಳಿಕೆ ಕೊಟ್ಟಾಗ ಧ್ವನಿಪೆಟ್ಟಿಗೆ ಕಚ್ಚಿಕೊಂಡದ್ದು ಶೇಕಡಾ 9.4, ಹೊಗೆಯಿಲ್ಲದ ಮನೆಯ ಮಕ್ಕಳಲ್ಲಿ 0.9 ಎಂದು ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1998ರ ಇನ್ನೊಂದು ಅಧ್ಯಯನ ತಂದೆತಾಯಿಯ ಮಾತನ್ನಷ್ಟೇ ನಂಬದೆ ಮಗುವಿನ ಮೂತ್ರದಲ್ಲಿ ನಿಕೋಟಿನ್‌ನ ಅವಶೇಷವಾದ ಕೊಟಿನಿನ್ ಅಳೆಯಿತು. ಅದು ಹೆಚ್ಚಿದ್ದ ಮಕ್ಕಳಲ್ಲಿ ಉಸಿರಿನ ತೊಂದರೆಯೂ ಹೆಚ್ಚಿತ್ತು. ಪಡಸಾಲೆಯಲ್ಲಿ ಕುಳಿತು ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಬೀಡಿ ಸೇದುವ ಅಜ್ಜ ಈ ಲೆಕ್ಕದೊಳಗೆ ಬರುತ್ತಾರೆ. ಟಾನ್ಸಿಲ್ ಆಪರೇಷನ್ನಿಗೆ ಮಗುವನ್ನು ತಂದಾಗ ಮಗುವಿನ ಚಟವನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಸೇದುವವರು ಯಾರೆಂದು ಕೇಳಬೇಕು.

ಬಿಡುವುದು ಯಾವಾಗ?

ಇಲ್ಲೊಂದು ಹಳೆಯ ತಪ್ಪು ತಿಳಿವಳಿಕೆ ವೈದ್ಯರಲ್ಲೇ ಉಳಿದುಕೊಂಡಿದೆ. ‘ಆಪರೇಷನ್ನಿಗೆ ಕೆಲವೇ ದಿನ ಇರುವಾಗ ಬಿಡಿಸಬೇಡಿ, ಕಫ ಹೆಚ್ಚಾಗುತ್ತದೆ, ಕೆಡುಕೇ ಆಗುತ್ತದೆ’ ಎಂಬ ಮಾತು ಅದು. ಇದರ ಮೂಲ 1989ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಪ್ರಕಟಿಸಿದ ಅಧ್ಯಯನ. ಹೃದಯದ ರಕ್ತನಾಳಗಳ ಬೈಪಾಸ್ ಆಗುತ್ತಿದ್ದ 200 ರೋಗಿಗಳಲ್ಲಿ, ಎಂಟು ವಾರಕ್ಕಿಂತ ಮೊದಲೇ ಬಿಟ್ಟವರಿಗೆ ಎದೆಯ ತೊಂದರೆ ಶೇಕಡಾ 14.5, ಎಂಟು ವಾರದೊಳಗೆ ಬಿಟ್ಟವರಿಗೆ 57 ಎಂದು ಅದು ಹೇಳಿತು. ಬಿಡದೆ ಸೇದುತ್ತಲೇ ಇದ್ದವರಿಗೆ 33. ಮೇಲುನೋಟಕ್ಕೆ ಕೊನೆಗಳಿಗೆಯಲ್ಲಿ ಬಿಟ್ಟವರೇ ಕೆಟ್ಟರು ಅನ್ನಿಸುತ್ತದೆ. ಆದರೆ ಆ ಗುಂಪುಗಳು ಚಿಕ್ಕವು. ಈಚೆಗೆ ಬಿಟ್ಟವರಿಗೂ ಬಿಡದವರಿಗೂ ನಡುವಿನ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಾಯಿಲೆ ಜೋರಾದವರೇ ಹೆದರಿ ಕೊನೆಗೆ ಬಿಡುತ್ತಾರೆ ಎಂಬ ಸಾಧ್ಯತೆಯೂ ಉಂಟು. 2011ರಲ್ಲಿ ಒಂಬತ್ತು ಅಧ್ಯಯನಗಳನ್ನು ಕೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಎಂಟು ವಾರದೊಳಗೆ ಬಿಟ್ಟರೆ ಹಾನಿ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆ ಹಳೆಯ ಮಾತನ್ನು ಇನ್ನು ಕೈಬಿಡಬೇಕು. ನಾಳೆಯೇ ಆಪರೇಷನ್ ಇದ್ದರೂ ಇಂದು ರಾತ್ರಿ ಬಿಟ್ಟದ್ದು ಲಾಭವೇ, ಮಾನಾಕ್ಸೈಡಿನ ಲೆಕ್ಕವಂತೂ ಒಂದೇ ರಾತ್ರಿಯಲ್ಲಿ ತೀರುತ್ತದೆ.

ಗಂಟಲಿನ ಕೆರಳುವಿಕೆಗೆ ಇನ್ನಷ್ಟು ಕಾಲ ಬೇಕು. ಸೇದುವವರಿಗೆ ತೆಳುವಾದ ಅಮೋನಿಯಾ ಆವಿ ಮೂಸಿಸಿ ಪರೀಕ್ಷಿಸಿದ 1994ರ ಬ್ರಿಟನ್ನಿನ ಪ್ರಯೋಗದಲ್ಲಿ, ಸಿಗರೇಟು ಬಿಟ್ಟ ಹತ್ತು ದಿನಗಳ ಹೊತ್ತಿಗೆ ಆ ಸೂಕ್ಷ್ಮತೆ ಗಣನೀಯವಾಗಿ ಇಳಿದಿತ್ತು. ಕಫ, ರೋಮಗಳ ಚೇತರಿಕೆಗೆ ವಾರಗಳು. ಗಾಯ ಮಾಯುವುದಕ್ಕೂ ಹಾಗೆಯೇ: ಡೆನ್ಮಾರ್ಕಿನಲ್ಲಿ ಸೊಂಟ, ಮಂಡಿಯ ಕೀಲು ಬದಲಿಸಿಕೊಳ್ಳಲಿದ್ದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಆರೆಂಟು ವಾರ ಮೊದಲೇ ಸಮಾಲೋಚನೆ ಮತ್ತು ನಿಕೋಟಿನ್ ಬದಲಿಗಳನ್ನು ಕೊಟ್ಟರು. 2002ರಲ್ಲಿ ಬಂದ ಫಲಿತಾಂಶದಲ್ಲಿ ತೊಡಕುಗಳು ಆ ಗುಂಪಿನಲ್ಲಿ ಶೇಕಡಾ 18, ಉಳಿದವರಲ್ಲಿ 52. ಗಾಯದ ತೊಂದರೆ 5 ಮತ್ತು 31. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿಯಲ್ಲಿ ಕನಿಷ್ಠ ನಾಲ್ಕು ವಾರ ಎಂದು ಹೇಳಿತು. ಆ ಬಳಿಕದ ಒಂದೊಂದು ವಾರಕ್ಕೂ ಫಲಿತಾಂಶ ಶೇಕಡಾ 19ರಷ್ಟು ಉತ್ತಮ.

ನಾಲ್ಕು ವಾರ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರವಿದೆ. ಜೀವಕ್ಕೆ ತುರ್ತಿಲ್ಲದ ಆಪರೇಷನ್ ಬೇಕೆಂದು ವೈದ್ಯರು ಹೇಳಿದಾಗ ಇಲ್ಲಿನ ರೈತ ಸಾಮಾನ್ಯವಾಗಿ ಹೇಳುವ ಮಾತು, “ರಾಶಿ ಮುಗಿಸ್ಕೊಂಡು ಬರ್ತೀನ್ರಿ ಸಾಹೇಬ್ರ.” ತೊಗರಿ ರಾಶಿ ಡಿಸೆಂಬರ್, ಜನವರಿಯ ಕೆಲಸ. ದೀಪಾವಳಿಯ ಸುಮಾರಿಗೆ ತೋರಿಸಿದವರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆ. ಡೆನ್ಮಾರ್ಕಿನವರು ಯೋಜನೆ ಹಾಕಿ ಹೊಂದಿಸಿದ ಆರೆಂಟು ವಾರಗಳು ಇಲ್ಲಿ ಬೆಳೆಯ ಕಾರಣಕ್ಕೆ ತಾವಾಗಿಯೇ ಸಿಗುತ್ತವೆ. ಆ ಅವಧಿಯಲ್ಲಿ ರೋಗಿಗೆ ಯಾರೂ ಏನೂ ಹೇಳಿರುವುದಿಲ್ಲ, ಆದ್ದರಿಂದ ಅದು ವ್ಯರ್ಥವಾಗುತ್ತದೆ. ಅರಿವಳಿಕೆ ವೈದ್ಯರು ಅವನನ್ನು ಮೊದಲು ನೋಡುವುದು ಬಹಳ ಸಲ ಆಪರೇಷನ್ನಿನ ಹಿಂದಿನ ದಿನ. ಬೀಡಿಯ ಮಾತು ಎತ್ತಬೇಕಾದವರು ಆಪರೇಷನ್ ಬೇಕು ಎಂದು ಮೊದಲು ಹೇಳಿದ ಸರ್ಜನ್, ಅದಕ್ಕೂ ಮೊದಲು ಕಲಬುರಗಿಗೆ ಕಳಿಸಿದ ಊರಿನ ಡಾಕ್ಟರು.

ಆದ್ದರಿಂದ ಈ ಭಾಗದ ಆಸ್ಪತ್ರೆಗಳಿಗೆ ಮೂರು ಸಣ್ಣ ಸೂಚನೆಗಳು. ತಪಾಸಣೆ ಹಾಳೆಯ ‘ಹೌದು / ಇಲ್ಲ’ ತೆಗೆದು, ಏನು, ದಿನಕ್ಕೆ ಎಷ್ಟು, ಕೊನೆಯದು ಎಷ್ಟೊತ್ತಿಗೆ, ಬಾಯಿಗೆ ಏನು ಹಾಕುತ್ತೀರಿ, ಮನೆಯಲ್ಲಿ ಒಲೆ ಯಾವುದು, ಸೇದುವವರು ಯಾರು ಎಂದು ಬರೆದುಕೊಳ್ಳಲಿ. ಉಪವಾಸದ ಸೂಚನೆ ಹೇಳುವಾಗ ಸಿಸ್ಟರ್ ‘ಬೀಡಿನೂ ಇಲ್ಲ’ ಎಂಬ ಎರಡು ಪದ ಸೇರಿಸಲಿ. ರಾಶಿ ಮುಗಿದ ಮೇಲೆ ಬರುವವನ ಕೈಗೆ ಕೊಡುವ ಚೀಟಿಯಲ್ಲಿ ಆಪರೇಷನ್ ತಾರೀಖಿನ ಮೇಲೆ, ಅದಕ್ಕಿಂತ ನಾಲ್ಕು ವಾರ ಹಿಂದಿನ ಇನ್ನೊಂದು ತಾರೀಖನ್ನು ಬೀಡಿ ಬಿಡುವ ದಿನವೆಂದು ಬರೆಯಲಿ. ಇವು ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ.

ಆಪರೇಷನ್ ಎದುರಿಗಿರುವ ಓದುಗರು ವೈದ್ಯರು ಕೇಳುವವರೆಗೆ ಕಾಯಬೇಕಾಗಿಲ್ಲ. ಎಷ್ಟು ಸೇದುತ್ತೀರಿ, ಕೊನೆಯದು ಯಾವಾಗ ಎಂಬುದನ್ನು ನೀವೇ ಮುಂದಾಗಿ ಹೇಳಿ. ಅಲ್ಲಿ ಯಾರೂ ನಿಮ್ಮ ನಡತೆಯ ತೀರ್ಪು ಕೊಡಲು ಕೂತಿಲ್ಲ, ನಿಮ್ಮ ಉತ್ತರದಿಂದ ಅವರ ಔಷಧದ ಆಯ್ಕೆ ಮತ್ತು ಎಚ್ಚರಿಕೆ ಬದಲಾಗುತ್ತದೆ. ಬಿಡಲು ನೆರವು ಬೇಕಿದ್ದರೆ ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.